‘ಸಮ’ ಅಲ್ಲ, ‘ಗಿಂತ ಹೆಚ್ಚು’: ಯಾರೂ ಕಾಣದ ಕ್ಷಯವೊಂದರ ಪಾಠ

ತರಗತಿ: 9. ವಿಷಯ: ವಿಜ್ಞಾನ. ಘಟಕ: ಪರಮಾಣುವಿನ ರಚನೆ (ಪೂರಕ ಪಾಠ). ಸಮಯ: 40 ನಿಮಿಷಗಳ ಎರಡು ಅವಧಿ. ಹಾಜರಿದ್ದ ಮಕ್ಕಳು: 41.

ಬೋಧನಾಭ್ಯಾಸಕ್ಕೆ ನನ್ನನ್ನು ಕಳುಹಿಸಿದ್ದು ಕೋಲಾರ ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಗೆ. ಪರಮಾಣುವಿನ ರಚನೆ, ಐಸೋಟೋಪ್‌ಗಳು ಇವೆಲ್ಲ ಮುಗಿದ ಮೇಲೆ ಶಾಲೆಯ ವಿಜ್ಞಾನ ಶಿಕ್ಷಕಿ ವಿಜ್ಞಾನ ಸಂಘದ ಹೆಸರಿನಲ್ಲಿ ನನಗೆ ಒಂದು ಅವಧಿ ಬಿಟ್ಟುಕೊಟ್ಟರು. ‘ನಿಮಗೆ ಇಷ್ಟ ಬಂದದ್ದು ಹೇಳಿ, ಮಕ್ಕಳಿಗೆ ಅರ್ಥ ಆದ್ರೆ ಸಾಕು’ ಎಂದರು. ನಾನು ಆರಿಸಿಕೊಂಡದ್ದು ನ್ಯೂಟ್ರಿನೋರಹಿತ ಜೋಡಿ ಬೀಟಾ ಕ್ಷಯ. ಹೆಸರು ಕೇಳಿದ ಸಹಪಾಠಿಗಳು ನಕ್ಕರು. ಅವರು ನಕ್ಕದ್ದು ವಿಷಯ ಕಷ್ಟವಾದೀತೆಂದು. ಆದರೆ ವಿಷಯ ನನಗೆ ಕೈಕೊಡಲಿಲ್ಲ, ಕೈಕೊಟ್ಟದ್ದು ಕಪ್ಪುಹಲಗೆಯ ಮೇಲೆ ನಾನೇ ಬರೆದ ಒಂದು ಸಮ ಚಿಹ್ನೆ. ಈ ಲೇಖನ ಹೆಚ್ಚಾಗಿ ಅದರ ಬಗ್ಗೆಯೇ.

ಮೊದಲ ಅವಧಿಯಲ್ಲಿ ಕಲಿಸಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಸಾಮಾನ್ಯ ಬೀಟಾ ಕ್ಷಯದಲ್ಲಿ ನ್ಯೂಕ್ಲಿಯಸ್ಸಿನ ಒಂದು ನ್ಯೂಟ್ರಾನ್ ಪ್ರೋಟಾನ್ ಆಗುತ್ತದೆ. ಆಗ ಒಂದು ಎಲೆಕ್ಟ್ರಾನ್, ಒಂದು ಪ್ರತಿನ್ಯೂಟ್ರಿನೋ ಹೊರಗೆ ಬರುತ್ತವೆ. ಎಲೆಕ್ಟ್ರಾನಿನ ಲೆಕ್ಕ ಮಾತ್ರ ನೋಡಿದರೆ ಶಕ್ತಿ ಕಡಿಮೆ ಬೀಳುತ್ತಿತ್ತು. ಕಾಣದ ಇನ್ನೊಂದು ಕಣ ಅದನ್ನು ಒಯ್ಯುತ್ತಿರಬೇಕೆಂದು 1930ರಲ್ಲಿ ವೋಲ್ಫ್‌ಗಾಂಗ್ ಪೌಲಿ ಊಹಿಸಿದರು. ಅದು ಪ್ರಯೋಗದಲ್ಲಿ ಸಿಕ್ಕಿದ್ದು 1956ರಲ್ಲಿ, ರೈನ್ಸ್ ಮತ್ತು ಕೋವನ್ ಎಂಬ ಇಬ್ಬರಿಗೆ. ಇಪ್ಪತ್ತಾರು ವರ್ಷ ಕಾದರು ಎಂದಾಗ ಹಿಂದಿನ ಬೆಂಚಿನವರೊಬ್ಬರು ‘ಅಬ್ಬಾ’ ಎಂದರು. ಆಗ ನನಗೆ ಖುಷಿಯಾಗಿತ್ತು. ಕಾಯುವಿಕೆಯ ನಿಜವಾದ ಪಾಠ ಮುಂದಿದೆ ಎಂಬುದು ನನಗೂ ಗೊತ್ತಿರಲಿಲ್ಲ.

ಜೋಡಿ ಕ್ಷಯಕ್ಕೆ ಜರ್ಮೇನಿಯಂ-76 ಅನ್ನು ಉದಾಹರಣೆಗೆ ಇಟ್ಟುಕೊಂಡೆ. ಇದರ ಪರಮಾಣು ಸಂಖ್ಯೆ 32. ಒಂದು ನ್ಯೂಟ್ರಾನ್ ಬದಲಾದರೆ ಅದು 33ರ ಆರ್ಸೆನಿಕ್ ಆಗಬೇಕು. ಆದರೆ ಆರ್ಸೆನಿಕ್-76ರ ದ್ರವ್ಯರಾಶಿ ಜರ್ಮೇನಿಯಂ-76ಕ್ಕಿಂತ ಹೆಚ್ಚು. ಶಕ್ತಿಯನ್ನು ಹೊರಗಿನಿಂದ ಕೊಡದೆ ಮೇಲಿನ ಮೆಟ್ಟಿಲಿಗೆ ಹತ್ತುವಂತಿಲ್ಲ. ಅದರಾಚೆಯ 34, ಅಂದರೆ ಸೆಲೆನಿಯಂ-76, ಕೆಳಗಿನ ಮೆಟ್ಟಿಲು. ಹಾಗಾಗಿ ಎರಡು ನ್ಯೂಟ್ರಾನ್‌ಗಳು ಒಟ್ಟಿಗೇ ಬದಲಾಗಿ, ನಡುವಿನ ಮೆಟ್ಟಿಲನ್ನು ಮುಟ್ಟದೆ ಆಚೆಗೆ ಇಳಿಯಬೇಕು. ಇದು ಬಹಳ ಅಪರೂಪವಾಗಿ ನಡೆಯುತ್ತದೆ ಎಂದು 1935ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಮರಿಯಾ ಗೆಪರ್ಟ್ ಮೇಯರ್. ಪ್ರಯೋಗಾಲಯದಲ್ಲಿ ನೇರವಾಗಿ ಕಂಡದ್ದು 1987ರಲ್ಲಿ, ಸೆಲೆನಿಯಂ-82ರಲ್ಲಿ. ಈ ಕ್ಷಯದಲ್ಲಿ ಎರಡು ಎಲೆಕ್ಟ್ರಾನ್, ಎರಡು ಪ್ರತಿನ್ಯೂಟ್ರಿನೋ ಹೊರಬರುತ್ತವೆ. ಜರ್ಮೇನಿಯಂನಲ್ಲಿ ಇದರ ಅರ್ಧಾಯು ಸುಮಾರು 2 × 10²¹ ವರ್ಷ. ಇದು ಅಳೆದು ತಿಳಿದ ಸಂಖ್ಯೆ.

ಇನ್ನೊಂದು ಬಗೆಯನ್ನು ಯಾರೂ ಕಂಡಿಲ್ಲ. 1937ರಲ್ಲಿ ಇಟಲಿಯ ಎತ್ತೋರೆ ಮಯೋರಾನ, ನ್ಯೂಟ್ರಿನೋ ಮತ್ತು ಪ್ರತಿನ್ಯೂಟ್ರಿನೋ ಬೇರೆ ಬೇರೆ ಅಲ್ಲದೆ ಒಂದೇ ಕಣವಾಗಿರಬಹುದು ಎಂದರು. ಹಾಗಿದ್ದರೆ ಜೋಡಿ ಕ್ಷಯದಲ್ಲಿ ನ್ಯೂಟ್ರಿನೋ ಹೊರಗೆ ಬಾರದೆ ಎರಡು ಎಲೆಕ್ಟ್ರಾನ್‌ಗಳಷ್ಟೇ ಬರಲು ಸಾಧ್ಯ ಎಂದು 1939ರಲ್ಲಿ ವೆಂಡೆಲ್ ಫರ್ರಿ ತೋರಿಸಿದರು. ಇದು ಸಿಕ್ಕರೆ ಏನು ದೊಡ್ಡದು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಾನು ಹೇಳಿದ್ದು ಇಷ್ಟು: ಸಾಮಾನ್ಯ ಬೀಟಾ ಕ್ಷಯದಲ್ಲಿ ಒಂದು ಕಣ ಹುಟ್ಟಿದರೆ ಜೊತೆಗೊಂದು ಪ್ರತಿಕಣವೂ ಹುಟ್ಟಿ ಲೆಕ್ಕ ಸರಿಹೋಗುತ್ತದೆ. ಈ ಬಗೆಯಲ್ಲಿ ಎರಡು ಎಲೆಕ್ಟ್ರಾನ್‌ಗಳು ಪ್ರತಿಕಣದ ಜೋಡಿಯಿಲ್ಲದೆ ಹುಟ್ಟುತ್ತವೆ. ಜಗತ್ತಿನಲ್ಲಿ ದ್ರವ್ಯ ಇಷ್ಟೊಂದು ಇದ್ದು ಪ್ರತಿದ್ರವ್ಯ ಯಾಕೆ ಇಲ್ಲ ಎಂಬ ಪ್ರಶ್ನೆಗೆ ಇದು ಒಂದು ಸುಳಿವಾಗಬಹುದು.

ಸಿಕ್ಕಿದೆಯೆಂದು ಹೇಗೆ ಗುರುತಿಸುವುದು? ಇದಕ್ಕೆ ಸಂತೆಯ ಉದಾಹರಣೆ ಚೆನ್ನಾಗಿ ಕೆಲಸ ಮಾಡಿತು. ಮನೆಯಿಂದ 2039 ರೂಪಾಯಿ ತೆಗೆದುಕೊಂಡು ನಾಲ್ವರು ಸಂತೆಗೆ ಹೋಗಿ ಹಂಚಿಕೊಂಡರು. ಇಬ್ಬರು ಮಾತ್ರ ಮನೆಗೆ ಬಂದು ಲೆಕ್ಕ ಒಪ್ಪಿಸುತ್ತಾರೆ, ಉಳಿದಿಬ್ಬರು ತಮ್ಮ ಪಾಲಿನ ಸಮೇತ ಮಾಯ. ಬಂದವರ ಕೈಯಲ್ಲಿ ಒಂದು ದಿನ 600, ಒಂದು ದಿನ 1100, ಹೀಗೆ ಏನೇನೋ ಇರುತ್ತದೆ. ಆದರೆ ಹೋದದ್ದೇ ಇಬ್ಬರಾದರೆ? ಇಬ್ಬರ ಲೆಕ್ಕ ಕೂಡಿದಾಗ ಪ್ರತಿ ಸಲವೂ 2039 ಇರಲೇಬೇಕು. ಜರ್ಮೇನಿಯಂ-76ರ ಜೋಡಿ ಕ್ಷಯದಲ್ಲಿ ಬಿಡುಗಡೆಯಾಗುವ ಶಕ್ತಿ 2039 ಕಿಲೋ ಎಲೆಕ್ಟ್ರಾನ್ ವೋಲ್ಟ್. ಶಕ್ತಿಯ ನಕ್ಷೆಯಲ್ಲಿ ಆ ಒಂದು ಜಾಗದಲ್ಲಿ ಸಣ್ಣ ಕಂಬ ಎದ್ದರೆ ಅದೇ ಗುರುತು.

ಇಲ್ಲಿಯವರೆಗೆ ಪಾಠ ಸರಾಗವಾಗಿ ಹೋಯಿತು. ಚಾರ್ಟಿನಲ್ಲಿ ಎರಡು ಕ್ಷಯಗಳನ್ನು ಅಕ್ಕಪಕ್ಕ ಬರೆದಿದ್ದೆ. ಒಂದರ ಕೆಳಗೆ ‘ಅರ್ಧಾಯು = 2 × 10²¹ ವರ್ಷ’, ಇನ್ನೊಂದರ ಕೆಳಗೆ ‘ಅರ್ಧಾಯು = 1.8 × 10²⁶ ವರ್ಷ’. ಬಣ್ಣದ ಪೆನ್ನಿನಲ್ಲಿ ಅಂದವಾಗಿ ಬರೆದು ಅದನ್ನೇ ಹಲಗೆಯ ಮೇಲೂ ಬರೆದೆ. ಎರಡನೇ ಬೆಂಚಿನ ಹುಡುಗಿ ಕೈ ಎತ್ತಿದಳು.

‘ಮಿಸ್, ಎರಡನೇದನ್ನ ಯಾರೂ ನೋಡಿಲ್ಲ ಅಂದ್ರಿ. ಮತ್ತೆ ಅದರ ಅರ್ಧಾಯು ಹೇಗೆ ಗೊತ್ತಾಯ್ತು?’

ನಾನು ಒಂದು ಕ್ಷಣ ಹಲಗೆ ನೋಡಿದೆ. ಆಮೇಲೆ, ‘ಅದು ದೊಡ್ಡ ಲೆಕ್ಕ, ಮುಂದಿನ ತರಗತಿಗಳಲ್ಲಿ ಬರುತ್ತೆ’ ಎಂದೆ. ಅವಳು ಕೂತಳು. ಬೆಲ್ ಆಯಿತು.

ವೀಕ್ಷಣೆಗೆ ಕೂತಿದ್ದ ನನ್ನ ಮೂವರು ಸಹಪಾಠಿಗಳ ಹಾಳೆಗಳಲ್ಲಿ ‘ಚಾರ್ಟ್ ಆಕರ್ಷಕವಾಗಿತ್ತು’, ‘ಧ್ವನಿ ಏರಿಳಿತ ಉತ್ತಮ’, ‘ಸಮಯ ಪಾಲನೆ ಇದೆ’ ಎಂದೆಲ್ಲ ಇತ್ತು. ಮಾರ್ಗದರ್ಶಕ ಉಪನ್ಯಾಸಕರು ನನ್ನ ಪಾಠಯೋಜನೆ ಪುಸ್ತಕದಲ್ಲಿ ಬರೆದದ್ದು ಎರಡೇ ಸಾಲು: ಆ ಹುಡುಗಿಯ ಪ್ರಶ್ನೆ ಸರಿ, ಹಲಗೆ ತಪ್ಪು, ಮತ್ತೊಂದು ಅವಧಿ ಕೇಳಿಕೊಂಡು ಸರಿಪಡಿಸಿ. ಅಂಕ ಕಳೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ತಪ್ಪು ಏನೆಂದು ವಿವರಿಸಬೇಕು. 1.8 × 10²⁶ ಎಂಬುದು ಇಟಲಿಯ ಗ್ರಾನ್ ಸಾಸ್ಸೋ ಪರ್ವತದ ಕೆಳಗೆ ನಡೆದ ಗರ್ಡಾ ಪ್ರಯೋಗ 2020ರಲ್ಲಿ ಕೊಟ್ಟ ಅಂತಿಮ ಸಂಖ್ಯೆ. ಅದು ಅರ್ಧಾಯು ಅಲ್ಲ, ಅರ್ಧಾಯುವಿನ ಕೆಳಗಿನ ಮಿತಿ. ಅಂದರೆ ಈ ಕ್ಷಯ ಇದ್ದರೆ ಅದರ ಅರ್ಧಾಯು ಇದಕ್ಕಿಂತ ಹೆಚ್ಚಿರಬೇಕು, ಕಡಿಮೆ ಇದ್ದಿದ್ದರೆ ಇಷ್ಟು ಹೊತ್ತಿಗೆ ನಮಗೆ ಬಹುಶಃ ಕಾಣುತ್ತಿತ್ತು ಎಂದರ್ಥ. ಕ್ಷಯವೇ ಇಲ್ಲದೆಯೂ ಇರಬಹುದು. ‘=’ ಇದ್ದ ಕಡೆ ‘>’ ಇರಬೇಕಿತ್ತು. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು, ಇದು ಗೊತ್ತಿರಲಿಲ್ಲವೆಂದಲ್ಲ. ಎರಡು ಸಂಖ್ಯೆಗಳನ್ನು ಒಂದೇ ರೀತಿ ಬರೆದರೆ ಚಾರ್ಟ್ ಚೆನ್ನಾಗಿ ಕಾಣುತ್ತದೆ ಎಂದು ಬರೆದೆ. ಆಮೇಲೆ ಮಗು ಕೇಳಿದಾಗ ಗೊತ್ತಿದ್ದರೂ ಹೇಳಲು ಭಾಷೆ ಸಿಗಲಿಲ್ಲ. ‘ಮುಂದಿನ ತರಗತಿಯಲ್ಲಿ ಬರುತ್ತೆ’ ಎಂಬ ಮಾತನ್ನು ನಾವು ಎಷ್ಟು ಸಲ ಹೀಗೆ ಬಳಸುತ್ತೇವೋ.

ಎರಡನೇ ಅವಧಿ ಐದು ದಿನ ಕಳೆದು ಸಿಕ್ಕಿತು. ಶುರುವಿನಲ್ಲೇ ಹಳೆಯ ಚಾರ್ಟ್ ತೂಗುಹಾಕಿ, ‘ಇದರಲ್ಲಿ ಒಂದು ಕಡೆ ನಾನು ತಪ್ಪು ಬರೆದಿದ್ದೇನೆ, ಇವತ್ತಿನ ಪಾಠ ಮುಗಿಯೋದರೊಳಗೆ ಎಲ್ಲಿ ಅಂತ ನೀವೇ ಹೇಳಬೇಕು’ ಎಂದೆ. ಪಾಠಯೋಜನೆಯ ನಮೂನೆಯಲ್ಲಿ ಇದಕ್ಕೆ ಜಾಗ ಇಲ್ಲ, ‘ಉದ್ದೇಶ ಕಥನ’ದ ಕೆಳಗೆ ಬರೆದೆ.

ಮೊದಲು ಬಿಡಿಸಬೇಕಾಗಿದ್ದ ಗಂಟು ಬೇರೆ. ವಿಶ್ವದ ವಯಸ್ಸೇ ಸುಮಾರು 1380 ಕೋಟಿ ವರ್ಷ, ಅಂದರೆ 10¹⁰ರ ಆಸುಪಾಸು. 10²⁶ ವರ್ಷ ಯಾರು ಕಾಯುತ್ತಾರೆ? ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳನ್ನು ನೆನಪಿಸಿದೆ. ಒಂದು ಮರಕ್ಕೆ ಹತ್ತು ಸಾವಿರ ವರ್ಷಕ್ಕೊಮ್ಮೆ ಸಿಡಿಲು ಬಡಿಯುತ್ತದೆ ಎಂದಿಟ್ಟುಕೊಳ್ಳಿ. ಅದನ್ನು ನೋಡಲು ಹತ್ತು ಸಾವಿರ ವರ್ಷ ಒಂದೇ ಮರದ ಕೆಳಗೆ ಕೂರಬೇಕಿಲ್ಲ. ಹತ್ತು ಸಾವಿರ ಮರಗಳ ತೋಪನ್ನು ಒಂದು ವರ್ಷ ಕಾದರೆ ಸರಾಸರಿ ಒಂದಾದರೂ ಸಿಗಬೇಕು. ಒಂದು ಕಿಲೋಗ್ರಾಂ ಜರ್ಮೇನಿಯಂ-76ರಲ್ಲಿ ಸುಮಾರು 7.9 × 10²⁴ ಪರಮಾಣುಗಳಿವೆ. ಅರ್ಧಾಯು 10²⁶ ವರ್ಷವಾದರೆ ಆ ಒಂದು ಕಿಲೋದಲ್ಲಿ ಸರಾಸರಿ 18 ವರ್ಷಕ್ಕೊಂದು ಕ್ಷಯ. ನಲವತ್ತು ಕಿಲೋ ಇಟ್ಟರೆ ವರ್ಷಕ್ಕೆ ಎರಡು ಚಿಲ್ಲರೆ. ‘ಅಷ್ಟೇನಾ?’ ಎಂದ ಒಬ್ಬ. ಅಷ್ಟೇ. ಅಷ್ಟಕ್ಕೇ ಇಷ್ಟು ಸಾಹಸ.

ಆ ಸಾಹಸದ ಬಗ್ಗೆ ಹತ್ತು ನಿಮಿಷ ಕಥೆ ಹೇಳಿದೆ, ಮಕ್ಕಳಿಗೆ ಅತಿ ಹೆಚ್ಚು ಹಿಡಿಸಿದ್ದು ಇದೇ. ವರ್ಷಕ್ಕೆ ಎರಡು ಕ್ಷಯ ಹುಡುಕುವವರಿಗೆ ಸುತ್ತಲಿನ ಎಲ್ಲವೂ ಗದ್ದಲ. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂ-40ರಿಂದಲೇ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಕ್ಷಯಗಳಾಗುತ್ತವೆ. ಗೋಡೆ, ಕಲ್ಲು, ತಿರುಪು, ತಂತಿ ಎಲ್ಲದರಲ್ಲೂ ಯುರೇನಿಯಂ, ಥೋರಿಯಂಗಳ ಅಂಶ ಇದ್ದೇ ಇರುತ್ತದೆ. ಆಕಾಶದಿಂದ ಕಾಸ್ಮಿಕ್ ಕಿರಣಗಳು ಬೀಳುತ್ತವೆ. ಅದಕ್ಕೇ ಗ್ರಾನ್ ಸಾಸ್ಸೋದಲ್ಲಿ 1400 ಮೀಟರ್ ಬಂಡೆಯ ಕೆಳಗೆ ಪ್ರಯೋಗ. ಗರ್ಡಾದಲ್ಲಿ ಜರ್ಮೇನಿಯಂ ಹರಳುಗಳೇ ಕ್ಷಯಿಸುವ ವಸ್ತು, ಅವೇ ಅಳೆಯುವ ಸಾಧನ. ಅವನ್ನು ದ್ರವ ಆರ್ಗಾನ್‌ನಲ್ಲಿ ಇಳಿಬಿಟ್ಟು ಸುತ್ತ ನೀರಿನ ತೊಟ್ಟಿ ಕಟ್ಟಿದ್ದರು. ಅದೇ ಸುರಂಗದಲ್ಲಿರುವ ಕ್ಯೂರೆ ಎಂಬ ಇನ್ನೊಂದು ಪ್ರಯೋಗದಲ್ಲಿ ಟೆಲ್ಯೂರಿಯಂ ಡೈಆಕ್ಸೈಡಿನ 988 ಹರಳುಗಳನ್ನು ನಿರಪೇಕ್ಷ ಶೂನ್ಯಕ್ಕಿಂತ ಕೆಲ್ವಿನ್ನಿನ ನೂರನೇ ಒಂದು ಭಾಗದಷ್ಟೇ ಮೇಲಿನ ತಾಪಕ್ಕೆ ತಣಿಸಿಟ್ಟಿದ್ದಾರೆ. ಕ್ಷಯವಾದ ಹರಳು ಎಳ್ಳಷ್ಟು ಬಿಸಿಯಾಗುವುದನ್ನೇ ಅಲ್ಲಿ ಅಳೆಯುವುದು.

ಕ್ಯೂರೆಗೆ ಸುತ್ತುಗೋಡೆಯಾಗಿ ಸೀಸ ಬೇಕಿತ್ತು. ಹೊಸ ಸೀಸದಲ್ಲಿ ಸೀಸ-210 ಎಂಬ ವಿಕಿರಣಶೀಲ ಐಸೋಟೋಪ್ ಬೆರೆತಿರುತ್ತದೆ, ಅದರ ಅರ್ಧಾಯು ಸುಮಾರು 22 ವರ್ಷ. ಎಂದೋ ಕರಗಿಸಿ ಶುದ್ಧಮಾಡಿಟ್ಟ ಸೀಸವಾದರೆ ಅದೆಲ್ಲ ಕ್ಷಯಿಸಿ ಹೋಗಿರುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸಾರ್ಡಿನಿಯಾ ದ್ವೀಪದ ಹತ್ತಿರ ಮುಳುಗಿದ ರೋಮನ್ ಹಡಗೊಂದರಲ್ಲಿ ಸೀಸದ ಗಟ್ಟಿಗಳು ಸಿಕ್ಕಿದ್ದವು. ಅಕ್ಷರ ಕೆತ್ತಿದ್ದ ಭಾಗಗಳನ್ನು ಪುರಾತತ್ತ್ವದವರಿಗೆ ಉಳಿಸಿ, ಮಿಕ್ಕ ಸೀಸವನ್ನು ಕರಗಿಸಿ ಹರಳುಗಳ ಸುತ್ತ ಕಟ್ಟಿದರು. ಇಲ್ಲಿ ನಾನು ಒಂದು ಲೆಕ್ಕ ಕೊಟ್ಟೆ: ಎರಡು ಸಾವಿರ ವರ್ಷದಲ್ಲಿ 22 ವರ್ಷದ ಅರ್ಧಾಯು ಎಷ್ಟು ಸಲ ಕಳೆಯಿತು? ತೊಂಬತ್ತರಷ್ಟು. ಹಾಗಾದರೆ ಮೊದಲಿದ್ದದ್ದನ್ನು ತೊಂಬತ್ತು ಸಲ ಅರ್ಧ ಮಾಡಿ ಎಂದೆ. ಮಕ್ಕಳು ಹತ್ತು ಸಲ ಮಾಡಿ, ಸಾವಿರದಲ್ಲೊಂದಕ್ಕೆ ಇಳಿದಾಗ ಪೆನ್ನು ಕೆಳಗಿಟ್ಟರು. ಅರ್ಧಾಯುವಿನ ಅರ್ಥ ಮನಸ್ಸಿಗೆ ಇಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಇದುವರೆಗೆ ಸಿಕ್ಕಿಲ್ಲ.

ಆಳದ ಮಾತು ಬಂದಾಗ ಒಬ್ಬ ಹುಡುಗ ತನ್ನ ತಾತ ಕೆ.ಜಿ.ಎಫ್. ಗಣಿಯಲ್ಲಿ ಇಳಿಯುತ್ತಿದ್ದರು, ಒಳಗೆ ಬಹಳ ಸೆಕೆಯಂತೆ ಎಂದ. ಇದನ್ನು ನಾನು ಪಾಠಯೋಜನೆಯಲ್ಲಿ ಬರೆದಿರಲಿಲ್ಲ, ಬರೆಯಬೇಕಿತ್ತು. ಅವನ ತಾತ ಇಳಿಯುತ್ತಿದ್ದ ಅದೇ ಗಣಿಗಳಲ್ಲಿ 1950ರ ದಶಕದಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕಾಸ್ಮಿಕ್ ಕಿರಣಗಳನ್ನು ಅಳೆದರು. ಮೊದಲ ದಿನಗಳಲ್ಲಿ ಆ ಕೆಲಸ ಮಾಡಿದ ಬಿ.ವಿ. ಶ್ರೀಕಂಠನ್ ಮೈಸೂರು ಸೀಮೆಯವರು. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಭಾರತ, ಜಪಾನ್, ಇಂಗ್ಲೆಂಡಿನ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಗುರುತಿಸಿತು. 1980ರ ದಶಕದಲ್ಲಿ ಅಲ್ಲೇ 140 ಟನ್ನಿನ ಉಪಕರಣ ಇಟ್ಟು ಪ್ರೋಟಾನ್ ಕ್ಷಯಿಸುತ್ತದೆಯೇ ಎಂದು ಹುಡುಕಿದರು. ಅದೂ ಇಂಥದ್ದೇ ಕಾಯುವ ಕೆಲಸ. ಇರಬಹುದೆನ್ನಿಸುವ ಕೆಲವು ಘಟನೆಗಳನ್ನು ಅವರು ಪ್ರಕಟಿಸಿದರೂ, ಬೇರೆಡೆಯ ಇನ್ನೂ ದೊಡ್ಡ ಪ್ರಯೋಗಗಳಲ್ಲಿ ಅದು ದೃಢಪಡಲಿಲ್ಲ. ಆ ಹುಡುಗ ಮಿಕ್ಕ ಅವಧಿಯೆಲ್ಲ ನೆಟ್ಟಗೆ ಕೂತು ಕೇಳಿದ.

ಈಗ ಚಟುವಟಿಕೆ. ಹುಣಸೆ ಬೀಜ ಸೀಳಿ ಚೌಕಾಬಾರ ಆಡುವುದು ಈ ಮಕ್ಕಳಿಗೆ ಹೊಸದಲ್ಲ. ಹತ್ತು ಗುಂಪು ಮಾಡಿ ಪ್ರತಿ ಗುಂಪಿಗೆ ನಾಲ್ಕು ಸೀಳು ಬೀಜ ಕೊಟ್ಟೆ. ನಾಲ್ಕೂ ಕಪ್ಪು ಮೇಲಾಗಿ ಬಿದ್ದರೆ ಎಂಟು. ಬಿಳಿ, ಕಪ್ಪು ಸಮವಾಗಿ ಬೀಳುತ್ತವೆ ಎಂದುಕೊಂಡರೆ ಹದಿನಾರು ಸಾಧ್ಯತೆಗಳಲ್ಲಿ ಒಂದು ಎಂಟು. ಇದನ್ನು ಮಕ್ಕಳೇ ಹಲಗೆಯ ಮೇಲೆ ಬರೆದು ಎಣಿಸಿದರು. ಒಂದೊಂದು ಗುಂಪು 36 ಸಲ ಎಸೆಯಬೇಕು. ಸರಾಸರಿ ಎರಡು ಸಲಕ್ಕಿಂತ ತುಸು ಹೆಚ್ಚು ಎಂಟು ಬೀಳಬೇಕು. ಒಮ್ಮೆಯೂ ಬೀಳದಿರುವ ಸಾಧ್ಯತೆ ನೂರಕ್ಕೆ ಸುಮಾರು 10. ಈ ಕೊನೆಯ ಲೆಕ್ಕವನ್ನು ಮಾಡಿಸಲಿಲ್ಲ, ಹೇಳಿದೆನಷ್ಟೆ.

ಗದ್ದಲ ವಿಪರೀತ. ಪಕ್ಕದ ಕೊಠಡಿಯ ಗಣಿತದ ಮೇಷ್ಟ್ರು ಒಮ್ಮೆ ಇಣುಕಿ ಹೋದರು. ಎಲ್ಲ ಮುಗಿದಾಗ 360 ಎಸೆತದಲ್ಲಿ 19 ಎಂಟು. ಏಳನೇ ಗುಂಪಿಗೆ ಮಾತ್ರ ಒಂದೂ ಇಲ್ಲ. ಅವರು ಸೋತವರ ಹಾಗೆ ಕೂತಿದ್ದರು. ನನಗೆ ಬೇಕಾಗಿದ್ದದ್ದು ಅವರೇ.

‘ನೀವು ಬೇರೆ ಯಾರ ಆಟವನ್ನೂ ನೋಡಿಲ್ಲ, ಎಂಟು ಅನ್ನೋದು ಇದೆಯೋ ಇಲ್ಲವೋ ಅಂತಲೇ ಗೊತ್ತಿಲ್ಲ ಅಂದುಕೊಳ್ಳಿ. 36 ಸಲ ಎಸೆದಿರಿ, ಬೀಳಲಿಲ್ಲ. ಪುಸ್ತಕದಲ್ಲಿ ಏನು ಬರೀತೀರಿ?’

‘ಎಂಟು ಬೀಳಲ್ಲ ಅಂತ.’

‘ಮೂವತ್ತೇಳನೇ ಸಲ ಬಿದ್ರೆ?’ ಇದನ್ನು ಕೇಳಿದ್ದು ನಾನಲ್ಲ, ಪಕ್ಕದ ಗುಂಪಿನವಳು.

ಸ್ವಲ್ಪ ಹೊತ್ತು ಜಗ್ಗಾಡಿದ ಮೇಲೆ ಏಳನೇ ಗುಂಪು ಬರೆದದ್ದು: ‘ಎಂಟು ಬೀಳೋದಾದ್ರೆ, ಹದಿನಾರು ಎಸೆತಕ್ಕೆ ಒಂದಕ್ಕಿಂತ ಅಪರೂಪ ಇರಬೇಕು.’ ಇದರ ಪಕ್ಕದಲ್ಲಿ ಎಷ್ಟು ಭರವಸೆ ಎಂದು ಕೇಳಿದೆ. ನೂರಕ್ಕೆ 90 ಎಂದರು. ಅವರು ಬರೆದದ್ದು ಸರಿಯಾದ ವಿಧಾನದ ಫಲಿತಾಂಶ, ಆದರೂ ಉತ್ತರ ತಪ್ಪು, ಯಾಕೆಂದರೆ ಅವರದೂ ಬೇರೆಯವರಂಥದ್ದೇ ಬೀಜ. ನೂರು ಗುಂಪಿನಲ್ಲಿ ಹತ್ತಕ್ಕೆ ಹೀಗಾಗುತ್ತದೆ. ಮಿಕ್ಕ ಹತ್ತರ ಅರ್ಥ ಅದೇ. ಈ ಮಾತು ಎಲ್ಲರಿಗೂ ಹಿಡಿಯಿತೆಂದು ಹೇಳಲಾರೆ, ಅರ್ಧದಷ್ಟು ಮಕ್ಕಳ ಮುಖದಲ್ಲಿ ಕಂಡಿತು.

ಆಮೇಲೆ ಗರ್ಡಾದ ಸಂಖ್ಯೆಗೆ ಬಂದೆ. ಕಿಲೋಗ್ರಾಂ ಮತ್ತು ವರ್ಷ ಗುಣಿಸಿದರೆ ಅವರು ಕಾದದ್ದು ಒಟ್ಟು 127. ಅರ್ಧಾಯು 1.8 × 10²⁶ ಆಗಿದ್ದಿದ್ದರೆ ಅಷ್ಟರಲ್ಲಿ ಸುಮಾರು ನಾಲ್ಕು ಕ್ಷಯ ಆಗಬೇಕಿತ್ತು. ಉಪಕರಣದ ಕಣ್ತಪ್ಪಿ ಹೋಗುವುದನ್ನೂ ಬೇರೆ ಐಸೋಟೋಪ್‌ಗಳ ಪಾಲನ್ನೂ ಕಳೆದರೆ ಕಾಣಬೇಕಾದದ್ದು ಎರಡು ಚಿಲ್ಲರೆ. ಕಂಬ ಏಳಲಿಲ್ಲ. ಹುಣಸೆ ಬೀಜದಲ್ಲಿ ಎರಡು ಚಿಲ್ಲರೆ ಬೀಳಬೇಕಾದ ಕಡೆ ಸೊನ್ನೆ ಬಿದ್ದ ಹಾಗೆಯೇ. ಎರಡನೇ ಬೆಂಚಿನ ಹುಡುಗಿ ಎದ್ದು ಬಂದು, ಕೇಳದೆಯೇ, ಚಾರ್ಟಿನ ಎರಡನೇ ‘=’ ಮೇಲೆ ಗೀಟು ಹಾಕಿ ‘>’ ಬರೆದಳು. ಮೊದಲನೆಯದನ್ನು ಮುಟ್ಟಲಿಲ್ಲ. ಪಾಠ ತಲುಪಿದೆಯೆಂದು ನನಗೆ ಗೊತ್ತಾದದ್ದು ಮೊದಲನೆಯದನ್ನು ಅವಳು ಮುಟ್ಟದೆ ಬಿಟ್ಟದ್ದರಿಂದ.

ಬೀಜ ಸಮವಾಗಿ ಬೀಳುತ್ತವೆ ಎಂದು ಹೇಗೆ ಗೊತ್ತು ಎಂದು ಇನ್ನೊಬ್ಬ ತಗಾದೆ ತೆಗೆದ. ಉಬ್ಬಿದ ಕಡೆ ನೆಲಕ್ಕೆ ಬರೋದು ಕಡಿಮೆ ಎಂದು ಅವನ ವಾದ. ನ್ಯಾಯವೇ. ನಮ್ಮ ಹದಿನಾರು ಲೆಕ್ಕದ್ದು, ಅಳೆದದ್ದಲ್ಲ. ಗರ್ಡಾದವರು ಉಪಕರಣ ಸರಿಯಾಗಿ ತೋರಿಸುತ್ತಿದೆಯೇ ಎಂದು ಥೋರಿಯಂ ಆಕರಗಳಿಂದ ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದರು ಎಂದು ಹೇಳಿ, ಬೀಜದ ಪರೀಕ್ಷೆಯನ್ನು ಅವನಿಗೇ ಗೃಹಪಾಠವಾಗಿ ಕೊಟ್ಟೆ.

ಸಮಯ ಉಳಿದದ್ದು ಐದು ನಿಮಿಷ. ಅದರಲ್ಲಿ 2001ರ ಜಗಳ ಹೇಳಿದೆ. ಹೈಡೆಲ್‌ಬರ್ಗ್–ಮಾಸ್ಕೋ ಎಂಬ ಹಿಂದಿನ ಜರ್ಮೇನಿಯಂ ಪ್ರಯೋಗದ ಕೆಲವರು ಕಂಬ ಕಂಡಿತು ಎಂದು ಪ್ರಕಟಿಸಿದರು. ಅದೇ ತಂಡದ ಬೇರೆಯವರೂ ಹೊರಗಿನವರೂ ಒಪ್ಪಲಿಲ್ಲ. 2013ರಲ್ಲಿ ಗರ್ಡಾ ಅದೇ ಜರ್ಮೇನಿಯಂ-76ರಲ್ಲಿ, ಹೆಚ್ಚು ಶುಚಿಯಾಗಿ ಹುಡುಕಿದಾಗ ಅಲ್ಲಿ ಏನೂ ಇರಲಿಲ್ಲ. ಜಪಾನಿನ ಕಮಿಯೋಕ ಗಣಿಯಲ್ಲಿ 745 ಕಿಲೋ ಕ್ಸೆನಾನ್ ಇಟ್ಟುಕೊಂಡು ಹುಡುಕಿದ ಕಾಮ್‌ಲ್ಯಾಂಡ್-ಜೆನ್ ತಂಡ ಕ್ಸೆನಾನ್-136ಕ್ಕೆ ಮಿತಿಯನ್ನು 3.8 × 10²⁶ ವರ್ಷಕ್ಕೆ ಏರಿಸಿದೆ. ಗ್ರಾನ್ ಸಾಸ್ಸೋದಲ್ಲಿ ಗರ್ಡಾ ಇದ್ದ ಜಾಗದಲ್ಲಿ ಈಗ ಲೆಜೆಂಡ್ ಪ್ರಯೋಗ ನಡೆಯುತ್ತಿದೆ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಬಿ.ಎಸ್ಸಿ. ಪ್ರಾಯೋಗಿಕ ತರಗತಿಯಲ್ಲಿ ಲೋಲಕದ ಪ್ರಯೋಗ ಮಾಡಿ ಗುರುತ್ವ ವೇಗೋತ್ಕರ್ಷ 9.8 ಬರುವ ಹಾಗೆ ಓದುಗಳನ್ನು ತಿದ್ದಿದವರಲ್ಲಿ ನಾನೂ ಒಬ್ಬಳು. ನಮ್ಮ ರೆಕಾರ್ಡ್ ಪುಸ್ತಕದಲ್ಲಿ ‘ಸಿಗಲಿಲ್ಲ’ ಎಂದು ಬರೆಯುವ ಜಾಗವೇ ಇರಲಿಲ್ಲ. ಈ ಶಾಲೆಯ ಮಕ್ಕಳ ಪ್ರಯೋಗ ಪುಸ್ತಕ ನೋಡಿದೆ, ಎಲ್ಲ ಪ್ರಯೋಗದ ಕೊನೆಗೂ ‘ದೃಢಪಡಿಸಲಾಗಿದೆ’. ನನ್ನ ಮೊದಲ ಅವಧಿಯ ಸಮ ಚಿಹ್ನೆ ಅದೇ ಅಭ್ಯಾಸದಿಂದ ಬಂದದ್ದೆಂದು ಈಗ ಅನ್ನಿಸುತ್ತದೆ.

ಮುಂದಿನ ತಂಡದವರು ಈ ಪಾಠ ಮಾಡುವುದಾದರೆ ಎರಡು ಅವಧಿ ಸಾಲದು, ಮೂರು ಕೇಳಿ. ಬೀಜಗಳನ್ನು ಹಿಂದಿನ ದಿನವೇ ಸೀಳಿಟ್ಟುಕೊಳ್ಳಿ. ನಾನು ಬೆಳಿಗ್ಗೆ ಸೀಳಲು ಕೂತು ಪ್ರಾರ್ಥನೆಗೆ ತಡವಾದೆ. ಮೌಲ್ಯಮಾಪನಕ್ಕೆ ನಾನು ಕೊಟ್ಟ ಪ್ರಶ್ನೆ ಒಂದೇ: ‘ನಮ್ಮ ಶಾಲೆಯ ಬಾವಿಯಲ್ಲಿ ಆಮೆ ಇದೆಯೇ ಎಂದು ಹತ್ತು ದಿನ ನೋಡಿದಿರಿ, ಕಾಣಲಿಲ್ಲ. ಏನು ಬರೆಯುವಿರಿ?’ 41 ಉತ್ತರಗಳಲ್ಲಿ 17 ‘ಆಮೆ ಇಲ್ಲ’ ಎಂದಿದ್ದವು. ಏಳನೇ ಗುಂಪಿನ ಒಬ್ಬ ಬರೆದದ್ದು ಹೀಗೆ: ‘ದಿನಾ ಮೇಲೆ ಬರೋ ಆಮೆ ಇಲ್ಲ. ಎಷ್ಟು ಹೊತ್ತು ನೋಡಿದ್ವಿ ಅಂತ ಮೊದಲು ಬರೀಬೇಕು ಮಿಸ್.’